ಕತ್ತಲೋಣಿಗೆ ಬಿಳಿ ದೀಪ

ದೀಪ ದೊಡ್ಡದಾದಷ್ಟೂ ದಾರಿ ಚೆನ್ನಾಗಿ ಕಾಣುತ್ತದೆ ಎಂದು ಹೊರಗಿನವರು ನಂಬಿದರೆ ನಾನು ದೂರುವುದಿಲ್ಲ. ಆದರೆ ನಮ್ಮೂರಿನಲ್ಲೇ ಹುಟ್ಟಿ, ನಮ್ಮೂರಿನ ಸಂಚಾರ ಸಮಿತಿಗೆ ಕಾರ್ಯದರ್ಶಿಯಾಗಿ, ಕತ್ತಲೋಣಿಯ ಬಾಯಿಗೆ ಕೂಗಿದರೆ ಕೇಳುವಷ್ಟು ಹತ್ತಿರ ಕಚೇರಿ ಇಟ್ಟುಕೊಂಡು, ಒಂದು ದಿನವೂ ಅದರೊಳಗೆ ಕಾಲಿಡದೆ, ಅಲ್ಲಿ ಓಡಾಡುವ ಗಾಡಿಗೆ ಎಂಥ ದೀಪ ಇರಬೇಕೆಂದು ಕಾಗದ ಬರೆದು ಅಂಟಿಸುವವರಿಗೆ ಏನೆನ್ನಬೇಕು? ಇವತ್ತಿಗೂ ನನಗೆ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮೂರಿಗೂ ಮೇಲೂರಿಗೂ ನಡುವೆ ಮೂರು ಮೈಲಿ ಓಣಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೊರಕಲು, ನಡುವೆ ಒಂದೇ ಜೀಪಿನಷ್ಟು ಕಲ್ಲುದಾರಿ, ತಿರುವುಗಳಲ್ಲಿ ಮಾತ್ರ ಎರಡು ಗಾಡಿ ಮೈಯುಜ್ಜಿ ದಾಟುವಷ್ಟು ಅಗಲ. ಅದರೊಳಗೆ ಹಗಲೂ ಕತ್ತಲೇ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೂ ಜೀಪಿನ ಮೂತಿ ಒಳಗೆ ಹೋಯಿತೆಂದರೆ ಮೂತಿ ಕಾಣುವುದಿಲ್ಲ. ಅದಕ್ಕೆ ಹೊಂದಿಕೊಂಡೇ ನಾವೆಲ್ಲ ಬೆಳೆದವರು. ಶಾಲೆಗೆ ಹೋಗುವ ಮಕ್ಕಳು ಮಗ್ಗಿ ಹೇಳುತ್ತ ಹೋಗುತ್ತಾರೆ, ಹದಿನೇಳರ ಮಗ್ಗಿ ಮುಗಿಯುವ ಹೊತ್ತಿಗೆ ಬೆಳಕು ಬರುತ್ತದೆ. ಬಿಸಿಲಿನಲ್ಲಿ ಮುಖ ತಿರುಗಿಸುವ ಅಣ್ಣತಮ್ಮಂದಿರು ಒಳಗೆ ಹೋದ ಮೇಲೆ ಮಾತಾಡಿಕೊಳ್ಳುತ್ತಾರೆ. ತವರಿನಿಂದ ಹೊರಟ ಹೆಣ್ಣುಮಕ್ಕಳು ಅಳುವುದನ್ನೆಲ್ಲ ಅಲ್ಲೇ ಅತ್ತು ಮುಗಿಸುತ್ತಾರೆ. ನಮ್ಮ ಡ್ರೈವರುಗಳು ಓಣಿ ದಾಟಿದ ಮೇಲೆ ಸ್ವಲ್ಪ ಹೊತ್ತು ಹಿಂದಿನ ಕನ್ನಡಿ ನೋಡುವುದಿಲ್ಲ.

ಆ ಕತ್ತಲಿಗೆ ಒಂದು ಗುಣವಿದೆ. ಬಿಳಿ ಬೆಳಕು ಜೋರಾಗಿ ಬಿದ್ದರೆ ಹಾಲಿಗೆ ಹೆಪ್ಪು ಬಿದ್ದ ಹಾಗೆ ಗಟ್ಟಿಯಾಗುತ್ತದೆ. ಹಳದಿ ಬೆಳಕು ತಗ್ಗಿನಿಂದ ಹೋದರೆ ಮೆತ್ತಗಾಗಿ ಅತ್ತ ಇತ್ತ ಸರಿದು ದಾರಿ ಬಿಡುತ್ತದೆ. ಗಾಡಿಯ ಸ್ವಂತ ದೀಪ ಅಲ್ಲಿ ಮೂರು ಹೆಜ್ಜೆ ದಾಟುವುದಿಲ್ಲ, ಹಾಗಾಗಿ ಬೇರೆ ದೀಪ ಹಾಕಿಸಲೇಬೇಕು. ಆ ದೀಪ ಹಾಕುವವಳು ನಾನು. ಹೆಸರು ಚೌಡಮ್ಮ, ಎಲ್ಲರೂ ಕರೆಯುವುದು ಕರೆಂಟು ಚೌಡಕ್ಕ ಎಂದು. ಬ್ಯಾಟರಿ ಅಂಗಡಿ ಇಟ್ಟಿದ್ದ ಸೋದರಮಾವನ ಹತ್ತಿರ ಕೆಲಸ ಕಲಿತೆ. ಶಾಲೆಯಲ್ಲಿ ಕಲಿತದ್ದು ಸಹಿ ಹಾಕುವುದನ್ನು ಮಾತ್ರ.

ದೀಪ ಕೊಳ್ಳಲು ಬಂದವರು ಮೊದಲು ಕೇಳುವುದು ಎಷ್ಟು ವ್ಯಾಟ್ ಎಂದು. ನಾನು ಮೊದಲು ಕೇಳುವುದು ಯಾವ ದಾರಿಗೆ ಎಂದು. ಬಯಲಿನಲ್ಲಿ ಓಡಿಸುವವನಿಗೆ ದೂರಕ್ಕೆ ಹೋಗುವ ಬಿಳಿ ದೀಪ ಇರಲಿ, ನನ್ನ ತಕರಾರಿಲ್ಲ. ಓಣಿಗೆ ಹೋಗುವವನಿಗೆ ಹಳದಿ ಎಲ್‌ಇಡಿ ಎರಡೇ, ಬಂಪರಿನ ಮಟ್ಟಕ್ಕೆ, ಬೆಳಕು ಅಗಲಕ್ಕೆ ಹರಡುವಂಥದ್ದು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ದಪ್ಪ ವೈರು, ದೀಪದ ಭಾರ ಸ್ವಿಚ್ಚಿಗೆ ಬೀಳದಂತೆ ರಿಲೇ, ಕೈಗೆ ಸಿಗುವ ಕಡೆ ಪ್ರತ್ಯೇಕ ಸ್ವಿಚ್ಚು. ಅರ್ತ್ ವೈರು ಕೂರಿಸುವ ಕಡೆ ಬಣ್ಣ ಕೆರೆದು ತಗಡು ಹೊಳೆಯಬೇಕು. ಇಷ್ಟು ಮಾಡಿದರೆ ಐದು ವರ್ಷ ನನ್ನ ಅಂಗಡಿಯ ಕಡೆ ಯಾರೂ ತಿರುಗಿ ನೋಡಬೇಕಾಗಿಲ್ಲ. ವ್ಯಾಪಾರಕ್ಕೆ ಅದು ನಷ್ಟವೇ, ಆದರೆ ನಾನು ಆ ಗಾಡಿಗಳಲ್ಲೇ ಓಡಾಡುವವಳು.

ಸ್ವಿಚ್ಚು ಬೇಕೇಬೇಕು ಎನ್ನುವುದಕ್ಕೆ ಕಾರಣವಿದೆ. ಓಣಿಯಲ್ಲಿ ಎರಡು ಗಾಡಿ ಎದುರಾದರೆ ಹತ್ತುವವನು ಗುಡ್ಡದ ಕಡೆ ಒತ್ತಿ ನಿಲ್ಲಿಸಿ ತನ್ನ ದೀಪ ಆರಿಸಬೇಕು. ಇಳಿಯುವವನು ತನ್ನ ಬೆಳಕಿನಲ್ಲೇ ದಾಟಿಕೊಂಡು ಹೋಗುತ್ತಾನೆ. ಎರಡು ಬೆಳಕು ಎದುರುಬದುರಾದರೆ ನಡುವಿನ ಕತ್ತಲು ಗೋಡೆಯಾಗುತ್ತದೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮರೆತಿರಲೂ ಇಲ್ಲ.

ಹೋದ ಬೇಸಿಗೆಯಲ್ಲಿ ಪಟ್ಟಣದಿಂದ ನಾಲ್ಕು ಮಂದಿ ದೊಡ್ಡ ಚಕ್ರದ ಜೀಪಿನಲ್ಲಿ ಮೋಜಿಗೆ ಬಂದರು. ತಲೆಯ ಮೇಲೊಂದು, ಬಾನೆಟ್ಟಿನ ಮೇಲೊಂದು, ಬಂಪರಿಗೆ ಎರಡು, ಮದುವೆ ಚಪ್ಪರದ ಹಾಗೆ ಬಿಳಿ ದೀಪ. ಬೇಡ ಎಂದು ಕಡಲೆಕಾಯಿ ಮಾರುವವಳೂ ಹೇಳಿದಳು, ಕೇಳಲಿಲ್ಲ. ಅರ್ಧ ಮೈಲಿ ಹೋಗುವಷ್ಟರಲ್ಲಿ ಕೊರಕಲಿಗೆ ಒಂದು ಚಕ್ರ ಇಳಿಸಿಕೊಂಡು ಕೂತರು. ಅವರನ್ನು ಹಗ್ಗ ಹಾಕಿ ಎಳೆದು ತಂದವನು ಓಣಿಯಲ್ಲಿ ಜೀಪು ಓಡಿಸುವ ನಮ್ಮ ದಾದಾಪೀರ. ಬಿಸಿಲಿಗೆ ಬಂದು ನೀರು ಕುಡಿದು ಅವರು ಸಮಿತಿಯ ಮುಂದೆ ಹೇಳಿದ್ದೇನು ಗೊತ್ತೇ? ಎದುರಿಗೆ ಬಂದ ಲೋಕಲ್ ಜೀಪಿನ ದೀಪ ಮಂಕಾಗಿತ್ತು, ಅದು ಕಾಣದೆ ಹೀಗಾಯಿತು ಎಂದು! ಎಳೆಯಲು ಬಂದ ಗಾಡಿಯನ್ನೇ ಎದುರು ಬಂದ ಗಾಡಿ ಎಂದರು. ಪತ್ರಿಕೆಯಲ್ಲೂ ಹಾಗೇ ಬಂತು. ಪತ್ರಿಕೆಯಲ್ಲಿ ಬಂದ ಮೇಲೆ ಸಮಿತಿ ಏನಾದರೂ ಮಾಡಿ ತೋರಿಸಬೇಕಲ್ಲ. ಕಾರ್ಯದರ್ಶಿ ಪರಶಿವಯ್ಯನವರು ಆಜ್ಞೆ ಹೊರಡಿಸಿದರು. ಓಣಿಗೆ ಹೋಗುವ ಪ್ರತಿ ಜೀಪಿನ ತಲೆಯ ಮೇಲೆ ನಲವತ್ತು ಇಂಚಿನ ಬಿಳಿ ಲೈಟ್ ಬಾರ್, ಅಂದರೆ ಉದ್ದನೆಯ ದೀಪದ ಪಟ್ಟಿ. ಬೀಗದ ಕೈ ತಿರುಗಿಸಿದ ಕೂಡಲೇ ಅದು ಹೊತ್ತಬೇಕು, ಆರಿಸುವ ಸ್ವಿಚ್ಚು ಕೂಡದು. ಹಳದಿ ದೀಪ ತೆಗೆಯಬೇಕು. ತಪಾಸಣೆಯಾದ ಗಾಡಿಗೆ ಸ್ಟಿಕರ್. ಸೋಮವಾರದಿಂದ ಸ್ಟಿಕರ್ ಇಲ್ಲದ ಗಾಡಿಗೆ ಓಣಿಯ ಬಾಯಿಯ ಗೇಟು ತೆಗೆಯುವುದಿಲ್ಲ. ಮೂರು ದಿನ ಗಾಡಿ ಬಿಡದವನ ಸರದಿ ಬೇರೆಯವನಿಗೆ.

ಶನಿವಾರ ಬೆಳಿಗ್ಗೆ ದಾದಾಪೀರ ಉದ್ದನೆಯ ರಟ್ಟಿನ ಡಬ್ಬಿ ಹೊತ್ತು ನನ್ನ ಅಂಗಡಿಗೆ ಬಂದ.

"ಅಕ್ಕ, ಇದನ್ನ ಹಾಕ್ಕೊಡು."

"ತಗಂಡೋಗಿ ನಿಮ್ಮನೆ ಹಿತ್ಲಲ್ಲಿ ನೇತಾಕು. ಕೋಳಿಗೆ ಬೆಳಕಾಗ್ತದೆ."

"ತಮಾಷೆ ಬ್ಯಾಡ ಕಣಕ್ಕ."

"ತಮಾಷೆ ಮಾಡ್ತಿರೋದು ನಾನಾ? ನಾಲ್ಕು ಜನಾನ ಎಳ್ದಾಕಿದೋನು ನೀನು. ನಿನ್ ದೀಪ ಮಂಕು ಅಂತ ಬರ್ಕೊಂಡು ಕುಂತವ್ರಲ್ಲ, ನಾಚ್ಕೆ ಐತಾ ಅವ್ರಿಗೆ?"

ಅವನು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಅದರ ಪಕ್ಕದಲ್ಲೇ ಕೂತ. ದಾದಾಪೀರ ದನಿ ಎತ್ತುವವನಲ್ಲ. "ನಮ್ಮಪ್ಪ ಮೂವತ್ತು ವರ್ಷ ಈ ಓಣೀಲಿ ಓಡಿಸಿದ್ದು. ನಂಗೆ ಬ್ಯಾರೆ ದಾರಿ ಬರಲ್ಲ. ಸೋಮ್ವಾರ ಗೇಟ್ ತೆಗೀಲಿಲ್ಲ ಅಂದ್ರೆ ಗುರ್ವಾರದಾಗೆ ನನ್ ಸರದಿ ಹೋಯ್ತು. ನೀನು ಹಾಕ್ಕೊಡ್ನಿಲ್ಲ ಅಂದ್ರೆ ಸಮಿತಿಯೋರೇ ಒಬ್ಬನ್ನ ಕರ್ಸವ್ರೆ. ಅವ್ನು ರಿಲೇನೂ ಇಲ್ದೆ ತೆಳ್ಳನ್ ವೈರ್ ಎಳ್ದು ಗಾಡಿಗೇ ಬೆಂಕಿ ಇಕ್ತಾನೆ."

ಆ ಕೊನೆಯ ಮಾತಿಗೆ ನಾನು ಸೋತೆ. ಹಾಕಿಕೊಟ್ಟೆ. ದಪ್ಪ ವೈರು, ಫ್ಯೂಸು, ರಿಲೇ ಎಲ್ಲ ಸರಿಯಾಗಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ಯಾರಿಗೂ ಕಾಣದ ಹಾಗೆ ಒಂದು ಸ್ವಿಚ್ಚು ಇಟ್ಟೆ. ಹಳದಿ ದೀಪಗಳನ್ನು ಬಿಚ್ಚಲೇ ಇಲ್ಲ, ಮೇಲೆ ಗೋಣಿತಟ್ಟು ಕಟ್ಟಿದೆ. ಭಾನುವಾರ ಇನ್ನೂ ಮೂವರು ಬಂದರು. ಅವರದ್ದು ಅಂದೇ ತಪಾಸಣೆಗೆ ಹೋಗಬೇಕಿತ್ತು, ಸ್ವಿಚ್ಚು ಇಡುವ ಧೈರ್ಯ ಅವರಿಗೂ ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅದು ನನ್ನ ತಪ್ಪು. ಸಮಿತಿಯವರ ತಪ್ಪಿನ ಪಕ್ಕದಲ್ಲಿ ಅದನ್ನೂ ಇಡುತ್ತೇನೆ.

ಸೋಮವಾರ ಒಂಬತ್ತು ಗಂಟೆಗೆ ಗೇಟಿನ ಹತ್ತಿರ ಪರಶಿವಯ್ಯನವರು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು. ದಾದಾಪೀರನ ಗಾಡಿಯ ತಪಾಸಣೆಯಲ್ಲಿ ಸ್ವಿಚ್ಚು ಸಿಕ್ಕಿತು, ಗೋಣಿತಟ್ಟೂ ಬಿಚ್ಚಿತು. ಅವರು ನನ್ನನ್ನೇ ಕರೆಸಿದರು.

"ಏನಮ್ಮಾ ಇದು? ಆಜ್ಞೆ ಓದಿದ್ದೀಯ ತಾನೆ?"

"ಓದ್ಸಿ ಕೇಳಿದೀನಿ ಸ್ವಾಮಿ. ಎದ್ರು ಗಾಡಿ ಬಂದಾಗ ಆರಿಸ್ಬೇಕು, ಅದ್ಕೆ."

"ದೀಪ ಇರುವುದು ಉರಿಯುವುದಕ್ಕೆ, ಆರಿಸುವುದಕ್ಕಲ್ಲ. ಇಡೀ ಜಗತ್ತು ಬಿಳಿ ದೀಪ ಹಾಕುತ್ತಿದೆ. ನಿಮ್ಮದೊಂದು ಮೂಢನಂಬಿಕೆ."

"ಜಗತ್ತಿನಾಗೆ ಕತ್ತಲೋಣಿ ಎಷ್ಟವೆ ಸ್ವಾಮಿ?"

ಸುತ್ತ ನಿಂತವರು ನಕ್ಕರು. ಅವರಿಗೆ ಸಿಟ್ಟು ಬಂತು. ಈಗಿಂದೀಗಲೇ ಸ್ವಿಚ್ಚು ಕಿತ್ತು ನೇರ ಜೋಡಿಸದಿದ್ದರೆ ಈ ಗಾಡಿಗೆ ಸ್ಟಿಕರ್ ಯಾವತ್ತೂ ಇಲ್ಲ ಎಂದರು. ನಾನು ದಾದಾಪೀರನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಅಷ್ಟು ಜನರ ಎದುರಿಗೆ ಮಂಡಿಯೂರಿ ಕೂತು ಸ್ವಿಚ್ಚು ಕಿತ್ತೆ, ವೈರನ್ನು ಬೀಗದ ಕೈಗೇ ಜೋಡಿಸಿದೆ, ಹಳದಿ ದೀಪಗಳನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಇಪ್ಪತ್ತೆಂಟು ವರ್ಷದಲ್ಲಿ ಸರಿಯಾಗಿದ್ದದ್ದನ್ನು ಕೈಯಾರೆ ಕೆಡಿಸಿದ್ದು ಅದೇ ಮೊದಲು.

ಸ್ಟಿಕರ್ ಅಂಟಿಸಿದ ಮೇಲೆ ಅವರು ಲೈಟ್ ಬಾರಿಗೆ ಚೆಂಡುಹೂವಿನ ಹಾರ ಹಾಕಿಸಿದರು, ಫೋಟೋ ತೆಗೆಸಿಕೊಂಡರು. ಆಗ ಹಿಂದಿನ ಸೀಟಿನಲ್ಲಿ ಹಾಲಿನ ಕ್ಯಾನುಗಳ ನಡುವೆ ಕೂತಿದ್ದ ಮಲ್ಲಜ್ಜಿ ಬಾಯಿ ತೆಗೆದಳು. ದಿನಾ ಹಾಲು ತಂದು ಖಾಲಿ ಕ್ಯಾನಿನೊಂದಿಗೆ ಮೇಲೂರಿಗೆ ಮರಳುವವಳು.

"ಸ್ವಾಮೇರು ಹಾರ ಹಾಕ್ಬುಟ್ಟು ಕೆಳ್ಗೇ ನಿಂತ್ರೆ ಹೆಂಗೆ? ಮುಂದ್ಲ ಸೀಟ್ನಾಗೆ ಕುಂತು ಫೋಟೋ ಹೊಡ್ಸ್ಕೊಳ್ಳಿ. ಜನಕ್ಕೂ ಧೈರ್ಯ ಬತ್ತದೆ."

ಫೋಟೋ ಎಂದದ್ದೇ ತಡ, ಅವರು ಹತ್ತಿ ಕೂತರು. ನಾಲ್ಕು ಹೆಜ್ಜೆ ಹೋಗಿ ಇಳಿಯುವುದು ಅವರ ಲೆಕ್ಕವಿರಬೇಕು. ಆದರೆ ಓಣಿಯ ಬಾಯಿ ದಾಟಿದ ಮೇಲೆ ತಿರುಗಿಸಲು ಜಾಗವಿಲ್ಲ ಎನ್ನುವುದು ಅವರಿಗೆ ಗೊತ್ತಿದ್ದರೆ ತಾನೆ? ನಾನೂ ಹಿಂದೆ ಹತ್ತಿದೆ. ನಾನು ಜೋಡಿಸಿದ ವೈರು, ಅದು ಏನು ಮಾಡುತ್ತದೆಂದು ನಾನೇ ನೋಡಬೇಕಿತ್ತು.

ದಾದಾಪೀರ ಗಾಡಿ ಬಿಟ್ಟ. ಓಣಿಯ ಒಳಗೆ ಹೋದ ಕೂಡಲೇ ಬಿಳಿ ಗೋಡೆ. ತಲೆಯ ಮೇಲಿನ ದೀಪ ಬಾನೆಟ್ಟಿಗೆ ಬಡಿದು, ಗಾಜಿಗೆ ಬಡಿದು, ಕಣ್ಣಿಗೇ ಬಂದು ಬೀಳುತ್ತಿತ್ತು. ಅದರಾಚೆ ಕತ್ತಲು ಗಟ್ಟಿಯಾಗುತ್ತ ಬಂದು ಗಾಜಿಗೆ ಮೈಯೊತ್ತಿ ನಿಂತಿತು. ದಾದಾಪೀರ ಮೊದಲನೇ ಗೇರಿನಲ್ಲಿ ಬಾಯಲ್ಲೇ ತಿರುವು ಎಣಿಸುತ್ತ ಹೋದ. ಹಿಂದಿನ ಸೀಟಿನಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತಿತ್ತು. ತವರಿನಿಂದ ಹೊರಟಿದ್ದ ಒಬ್ಬ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕನ್ನು ನುಂಗುತ್ತಿದ್ದಳು.

"ಇಲ್ಲೇ ನಿಲ್ಲಿಸಪ್ಪಾ, ಇಳಿಯುತ್ತೇನೆ," ಎಂದರು ಪರಶಿವಯ್ಯ.

"ಇಳ್ದು ಎಲ್ಲಿ ಕಾಲಿಡ್ತೀರಿ ಸ್ವಾಮಿ? ನಿಮ್ ಕಡೆಗೇ ಕೊರಕಲು."

ಹದಿಮೂರನೇ ತಿರುವಿನಲ್ಲಿ ಮೇಲಿನಿಂದ ಗಾಡಿಯ ಸದ್ದು ಬಂತು. ತಿಪ್ಪೇಶಿಯ ಜೀಪು. ಭಾನುವಾರ ಸ್ಟಿಕರ್ ಹಾಕಿಸಿಕೊಂಡು ಮೇಲೂರಿನಲ್ಲಿ ಉಳಿದಿದ್ದವನು. ಆ ವೈರನ್ನೂ ನಾನೇ ಎಳೆದಿದ್ದೆ. ದಾದಾಪೀರ ಗುಡ್ಡಕ್ಕೆ ಒತ್ತಿ ನಿಲ್ಲಿಸಿದ. ಅವನ ಕೈ ತಾನಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು, ನಾನು ಕಿತ್ತಿದ್ದ ಸ್ವಿಚ್ಚು ಅಲ್ಲಿರಲಿಲ್ಲ. ಬೀಗದ ಕೈ ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆ. ಆ ಏರಿನಲ್ಲಿ, ಅಷ್ಟು ಭಾರಕ್ಕೆ, ಬರೀ ಬ್ರೇಕು ತಡೆಯುವುದಿಲ್ಲ. ಅತ್ತ ತಿಪ್ಪೇಶಿ ಇಳಿಯುತ್ತಲೇ ಇದ್ದ. ಎದುರಿನ ಬಿಳುಪೆಲ್ಲ ತನ್ನದೇ ದೀಪದ್ದು ಎಂದುಕೊಂಡಿದ್ದ. ಹತ್ತುವವನು ದೀಪ ಆರಿಸಿರುತ್ತಾನೆ ಎಂದು ನಂಬಿ ಬರುವುದು ಅವನ ತಪ್ಪಲ್ಲ, ನಮ್ಮೂರಿನಲ್ಲಿ ಯಾರೇ ಆದರೂ ಹಾಗೇ ಬರುತ್ತಿದ್ದರು.

"ಅಕ್ಕಾ!" ಎಂದ ದಾದಾಪೀರ.

ನಾನು ಸೀಟಿನ ಮೇಲಿಂದ ಮುಂದಕ್ಕೆ ಬಾಗಿ, ಪರಶಿವಯ್ಯನವರ ತೊಡೆಯ ಮೇಲೆ ಮೊಣಕೈ ಊರಿ, ಕಟಿಂಗ್ ಪ್ಲೇಯರಿನಿಂದ ಬಾರಿನ ವೈರು ಕತ್ತರಿಸಿದೆ. ನಮ್ಮ ಬಿಳುಪು ಆರಿತು. ಆದರೆ ಅವನದು ಬರುತ್ತಲೇ ಇತ್ತು. ಟಾರ್ಚು ತೆಗೆದುಕೊಂಡು ಗುಡ್ಡದ ಕಡೆಯಿಂದ ಇಳಿದೆ. ಅದೂ ಬಿಳಿಯದೇ. ನನ್ನ ಸೀರೆಯ ಸೆರಗು ಅರಿಸಿನ ಬಣ್ಣದ್ದು, ಅದನ್ನು ಎರಡು ಸುತ್ತು ಸುತ್ತಿ ನೆಲದ ಕಡೆ ಹಿಡಿದು ಮುಂದೆ ನಡೆದೆ. ಹಿಂದಿನಿಂದ ಮಲ್ಲಜ್ಜಿ ಕ್ಯಾನಿನ ಮುಚ್ಚಳದಿಂದ ಕ್ಯಾನನ್ನೇ ಬಡಿಯತೊಡಗಿದಳು. "ನಿಲ್ಸೋ ತಿಪ್ಪೇಶಿ! ನಿಲ್ಸೋ ನಿನ್ ಮನೆ ಕಾಯ್ವಾಗ!"

ಕಲ್ಲು ಉರುಳಿದ ಸದ್ದು. ಬ್ರೇಕು ಕಿರುಚಿದ ಸದ್ದು. ಅವನ ಬಂಪರು ನನ್ನ ಮಂಡಿಗೆ ತಾಗಿ ನಿಂತಿತು. ಹೊರಗಿನ ಚಕ್ರದ ಅರ್ಧ ಭಾಗ ಕೊರಕಲಿನ ಅಂಚಿನಾಚೆ ಇತ್ತು. ಅವನ ಬಾನೆಟ್ಟು ಎತ್ತಿ ಆ ವೈರನ್ನೂ ಕತ್ತರಿಸಿದೆ. ಕತ್ತಲು ಸಡಿಲವಾಯಿತು. ಸೆರಗಿನ ಹಳದಿ ಬೆಳಕಿನಲ್ಲಿ ಅವನ ಗಾಡಿಯನ್ನು ಅಂಗುಲ ಅಂಗುಲವಾಗಿ ದಾಟಿಸಿದೆ. ಅವನು ಗಾಡಿಯ ಸ್ವಂತ ಮಂಕು ದೀಪದಲ್ಲೇ ತೆವಳಿಕೊಂಡು ಇಳಿದ. ಉಳಿದ ಒಂದು ಮೈಲಿ ನಾನು ಮುಂದೆ ನಡೆದೆ, ದಾದಾಪೀರ ನನ್ನ ಹಿಮ್ಮಡಿ ನೋಡುತ್ತ ಗಾಡಿ ತಂದ.

ಮೇಲೂರಿನ ಬಿಸಿಲಿಗೆ ಬಂದಾಗ ಹನ್ನೊಂದು ಗಂಟೆ. ಹೆಂಗಸರು ಇಳಿದು ಕಲ್ಲಿನ ಮೇಲೆ ಕೂತರು. ಪರಶಿವಯ್ಯನವರು ಅಂಗಿ ಸರಿಮಾಡಿಕೊಂಡರು, ಮುಖ ಒರೆಸಿಕೊಂಡರು, ಒಂದು ಲೋಟ ನೀರು ಕುಡಿದರು. ಕೃತಜ್ಞತೆಯ ಮಾತು ಬೇಡ, ಒಂದು ನಿಟ್ಟುಸಿರಾದರೂ ಬರಬಹುದು ಎಂದುಕೊಂಡೆ. ಅವರು ಜೀಪಿನ ಮುಂದೆ ಹೋಗಿ ಗಾಜಿನ ಮೇಲಿನ ಸ್ಟಿಕರನ್ನು ಉಗುರಿನಿಂದ ಕಿತ್ತರು.

"ಸಮಿತಿ ಅಂಗೀಕರಿಸಿದ ದೀಪವನ್ನು ಹಾಳು ಮಾಡಿದ ಗಾಡಿ. ಇದಕ್ಕೆ ಓಣಿಯಲ್ಲಿ ಓಡಾಡುವ ಹಕ್ಕಿಲ್ಲ."

ಐದು ನಿಮಿಷದ ಹಿಂದೆ ಆ ಮನುಷ್ಯ ನನ್ನ ಸೆರಗಿನ ಬೆಳಕಿನ ಹಿಂದೆ ಬಂದವರು! ದಾದಾಪೀರ ಮಾತ್ರ ಏನೂ ಆಗದವನಂತೆ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು, ಬುತ್ತಿ ಬಿಚ್ಚಿ ಚಕ್ರಕ್ಕೊರಗಿ ಕೂತ.

"ಹೊರಡಪ್ಪಾ, ನನಗೆ ಮಧ್ಯಾಹ್ನ ಸಭೆ ಇದೆ," ಎಂದರು ಪರಶಿವಯ್ಯ.

"ಎಲ್ಲಿಗೆ ಸ್ವಾಮಿ? ಸ್ಟಿಕರ್ ಇಲ್ವಲ್ಲ. ಆಜ್ಞೆ ನಿಮ್ದೇ."

ಅಲ್ಲೇ ನಿಂತಿದ್ದ ಇನ್ನೊಬ್ಬ ಡ್ರೈವರ್ ಕೂಗಿದ. "ನಂದಕ್ಕೆ ಐತೆ ಬನ್ನಿ ಸ್ವಾಮಿ! ನಲವತ್ತು ಇಂಚು, ಸ್ವಿಚ್ಚಿಲ್ಲ, ಎಲ್ಲಾ ಕಾನೂನು ಪ್ರಕಾರ. ಮುಂದ್ಲ ಸೀಟೇ ಕೊಡ್ತೀನಿ."

ಪರಶಿವಯ್ಯನವರು ಆ ಗಾಡಿಯ ತಲೆಯ ಮೇಲಿನ ಬಾರನ್ನು ನೋಡಿದರು. ಓಣಿಯ ಬಾಯಿಯನ್ನು ನೋಡಿದರು. ಕೈಯಲ್ಲಿದ್ದ ಸ್ಟಿಕರಿನ ಚೂರು ನೋಡಿಕೊಂಡರು. ಮಲ್ಲಜ್ಜಿ ಅವರ ಪಕ್ಕಕ್ಕೆ ಬಂದು ಮೆಲ್ಲಗೆ, "ಸುತ್ತುದಾರೀಲಿ ನಡ್ಕೊಂಡೋದ್ರೆ ನಾಳಿದ್ದು ಮುಟ್ತೀರಿ. ಬುತ್ತಿ ಕಟ್ಕೊಡ್ಲಾ?" ಎಂದಳು.

ಅವರು ನನ್ನ ಕಡೆ ತಿರುಗಿದರು. "ಆ ಹಳದಿ ದೀಪ... ನಿನ್ನ ಚೀಲದಲ್ಲಿದೆಯಲ್ಲ?"

"ಐತೆ. ಆದ್ರೆ ನಾನು ಕಾನೂನಿಗೆ ವಿರುದ್ಧ ಕೆಲ್ಸ ಮಾಡಲ್ಲ ಸ್ವಾಮಿ. ಬೆಳಿಗ್ಗೆ ತಾನೆ ಎಲ್ಲಾರೆದುರ್ಗೆ ಕಲಿಸ್ಕೊಟ್ರಿ."

"ಇವತ್ತಿಗೆ ಮಾತ್ರ..."

"ಇವತ್ತು ನೀವಿದೀರಿ. ನಾಳೆ ಈ ಮಲ್ಲಜ್ಜಿ ಇರ್ತಾಳೆ, ಮಗ್ಗಿ ಹೇಳೋ ಮಕ್ಳಿರ್ತವೆ. ಅವ್ರ ಜೀವಕ್ಕೆ ಬೆಲೆ ಕಡ್ಮೆನಾ? ಬರ್ದುಕೊಡಿ. ಎಲ್ಲಾ ಗಾಡಿಗೂ."

ದಾದಾಪೀರ ಗಾಡಿಯಲ್ಲೇ ಬಿದ್ದಿದ್ದ ಲೈಟ್ ಬಾರಿನ ರಟ್ಟಿನ ಡಬ್ಬಿ ಹರಿದು ಕೊಟ್ಟ. ಬಾನೆಟ್ಟಿನ ಮೇಲಿಟ್ಟುಕೊಂಡು ಅವರು ಬರೆದರು. ಓಣಿಯಲ್ಲಿ ಹಳದಿ ದೀಪ, ಬಂಪರ್ ಮಟ್ಟ, ಪ್ರತ್ಯೇಕ ಸ್ವಿಚ್ಚು, ಬಿಳಿ ಬಾರು ಕೂಡದು. "ಸಮಿತಿಯು ಸ್ವತಃ ಪರಿಶೀಲಿಸಿದ ಮೇರೆಗೆ" ಎಂದು ಮೊದಲ ಸಾಲು ಹಾಕಿದರಂತೆ, ದಾದಾಪೀರ ಓದಿ ಹೇಳಿದ. ಸ್ವತಃ! ಅದನ್ನು ಅಳಿಸಿ ಎನ್ನಬೇಕೆಂದಿದ್ದೆ. ದಾದಾಪೀರ ಕಣ್ಣಿನಲ್ಲೇ ಬೇಡ ಎಂದ. ಅವನಿಗೆ ಬೇಕಾದದ್ದು ಸರದಿ, ನನಗೆ ಬೇಕಾದದ್ದು ಸ್ವಿಚ್ಚು. ಹೆಸರು ಅವರೇ ಇಟ್ಟುಕೊಳ್ಳಲಿ ಎಂದು ಹಲ್ಲು ಕಚ್ಚಿ ಸುಮ್ಮನಾದೆ. ಸಹಿ, ತಾರೀಕು ಎಲ್ಲ ಹಾಕಿಸಿಕೊಂಡೆವು. ಸ್ಟಿಕರಿನ ಚೂರುಗಳನ್ನು ನನ್ನ ಟೇಪಿನಿಂದ ಅವರೇ ಗಾಜಿಗೆ ಮತ್ತೆ ಅಂಟಿಸಿದರು.

ಬಂಪರಿಗೆ ದೀಪ ಕೂರಿಸಿ, ವೈರು ಜೋಡಿಸಿ, ಸ್ವಿಚ್ಚು ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ನಟ್ಟು ಬಿಗಿಯುವ ಮುಂಚೆ ಬೆಳಕಿನ ಮಟ್ಟ ನೋಡಬೇಕು. ಖಾಲಿ ಗಾಡಿಯಲ್ಲಿ ನೋಡಿದರೆ ಪ್ರಯೋಜನವಿಲ್ಲ, ಜನ ಕೂತ ಮೇಲೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಬೆಳಕು ಆಕಾಶಕ್ಕೆ ಹೋಗುತ್ತದೆ. ಹಾಗಾಗಿ ಭಾರ ಬೇಕಿತ್ತು.

"ಹಿಂದೆ ಹತ್ತಿ ಕುಂತ್ಕೊಳ್ಳಿ ಸ್ವಾಮಿ."

ಅವರು ಪಂಚೆ ಎತ್ತಿ ಕಟ್ಟಿ ಹಿಂದೆ ಹತ್ತಿದರು. ನಮ್ಮೂರಿಗೆ ಹೋಗುವವರೂ ಹತ್ತಿದರು, ಮಧ್ಯಾಹ್ನದ ಹಾಲಿನ ತುಂಬಿದ ಕ್ಯಾನುಗಳು ಬಂದವು. ಒಂದು ಕ್ಯಾನು ಕಾರ್ಯದರ್ಶಿಗಳ ತೊಡೆಯ ಮೇಲೆಯೇ ಕೂತಿತು. ಗಾಡಿಯ ಮೂತಿಯನ್ನು ಓಣಿಯ ಬಾಯಿಗೆ ಇಡಿಸಿ, ದೀಪ ಹೊತ್ತಿಸಿ, ಹತ್ತು ಹೆಜ್ಜೆ ಮುಂದೆ ಬೆಳಕು ನೆಲಕ್ಕೆ ಬೀಳುವ ಹಾಗೆ ತಿರುಗಿಸಿ ನಟ್ಟು ಬಿಗಿದೆ. ಕತ್ತಲು ಮೆತ್ತಗೆ ಎರಡು ಬದಿಗೆ ಸರಿಯಿತು. ಕಲ್ಲುದಾರಿ, ಈ ಕಡೆ ಗುಡ್ಡದ ಬುಡ, ಆ ಕಡೆ ಕೊರಕಲಿನ ಅಂಚು ಕಂಡವು.

ಹಿಂದಿನಿಂದ ಪರಶಿವಯ್ಯನವರು ಕತ್ತು ಉದ್ದ ಮಾಡಿ ನೋಡಿದರು. "ಇಷ್ಟೇನಾ ಬೆಳಕು?"

"ಇಷ್ಟೇ," ಎಂದ ದಾದಾಪೀರ, ಗೇರು ಹಾಕುತ್ತ. "ದಾರಿ ಇರೋದೂ ಇಷ್ಟೇ ಅಗ್ಲ ಸ್ವಾಮಿ."